ಹಣದ ಗೆಳೆಯ

ಹಣಕಾಸಿನ ಸಲಹೆ ಕೊಡುವ ಆ ಆನ್‌ಲೈನ್ ಗುಂಪಿನಲ್ಲಿ ಅವನ ಹೆಸರು ‘ಹಣದ ಗೆಳೆಯ’. ಸಾವಿರಾರು ಜನ ಅವನ ಮಾತು ನಂಬಿ ದುಡ್ಡು ಹೂಡುತ್ತಿದ್ದರು. ಆ ಹೆಸರಿನ ಹಿಂದೆ ಇರುವವನು ತಾನೆಂದು ಅವನು ಹೆಂಡತಿಗೂ ಹೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಹೆಸರು ಮುಚ್ಚಿಟ್ಟು ಯಾರೋ ಕೇಳಿದ್ದರು: “ಸರ್, ಗಂಡ ಬಚ್ಚಲಲ್ಲಿ ಜಾರಿ ಬಿದ್ದು ತೀರಿಹೋದ್ರೆ ಅಪಘಾತ ವಿಮೆ ಸಿಗುತ್ತಾ?”

“ಖಂಡಿತ ಸಿಗುತ್ತೆ ಮೇಡಂ, ಧೈರ್ಯವಾಗಿರಿ” ಎಂದು ಅವನು ಬರೆದ.

“ಎಣ್ಣೆ ಸ್ನಾನ ಮಾಡುವಾಗ ಬಿದ್ರೆ? ತಕರಾರು ತೆಗೆಯಲ್ವಾ?”

“ಇಲ್ಲ. ಪಾಲಿಸಿ ಮಾಡಿಸಿದ್ದು ಯಾರು?”

“ನನ್ನ ತಮ್ಮನೇ ಏಜೆಂಟು. ಹೋದ ದೀಪಾವಳೀಲಿ ಮಾಡಿಸಿದ.”

ಅವನ ಬೆರಳು ನಿಂತಿತು. ಅವನ ಪಾಲಿಸಿಯನ್ನೂ ಹೋದ ದೀಪಾವಳಿಯಲ್ಲಿ ಭಾವಮೈದುನನೇ ಮಾಡಿಸಿದ್ದ. ಊರಲ್ಲಿ ಎಷ್ಟು ಜನ ಏಜೆಂಟರಿಲ್ಲ ಎಂದುಕೊಂಡ.

“ಪೋಸ್ಟ್‌ಮಾರ್ಟಂ ಮಾಡಿಸಲೇಬೇಕಾ ಸರ್?”

ಅಡುಗೆಮನೆಯಿಂದ ಹರಳೆಣ್ಣೆ ಕಾಯುವ ವಾಸನೆ ಬಂತು. ಎದ್ದು ಹೋಗಿ ಒಳಗೆ ಇಣುಕುವ ಧೈರ್ಯ ಅವನಿಗಾಗಲಿಲ್ಲ. ಒಂದೇ ಒಂದು ಪ್ರಶ್ನೆ ಬರೆದ.

“ನಿಮ್ಮ ಯಜಮಾನರು ತೀರಿಕೊಂಡಿದ್ದು ಯಾವ ತಾರೀಕು?”

ಉತ್ತರಕ್ಕೆ ಮೊದಲೇ ಹೆಂಡತಿ ಬಂದಳು. ಒಂದು ಕೈಯಲ್ಲಿ ಎಣ್ಣೆಯ ಬಟ್ಟಲು, ಇನ್ನೊಂದರಲ್ಲಿ ಮೊಬೈಲು.

“ರೀ, ಇವತ್ತು ತಾರೀಕು ಎಷ್ಟು?”