ಒದ್ದೆ ನೆಲ

"ತಪ್ಪು ನಂದೇ ಬಿಡಪ್ಪ. ಕಣ್ಣು ಬಿಟ್ಕೊಂಡು ನಡೀಬೇಕಿತ್ತು," ಎಂದರು ಅತ್ತೆ, ಹಡಗಿನ ಕ್ಯಾಬಿನ್ನಿನ ಮಂಚದ ಮೇಲೆ ಅಂಗಾತ ಮಲಗಿದ್ದಲ್ಲಿಂದಲೇ.

ನೀರಿನ ಲೋಟ ಹಿಡಿದು ನಿಂತಿದ್ದ ಸೊಸೆಗೆ ತನ್ನ ಕಿವಿಯನ್ನು ತಾನೇ ನಂಬಲಾಗಲಿಲ್ಲ. ಮದುವೆಯಾಗಿ ಬಂದ ದಿನದಿಂದ ಈ ಒಂದು ಮಾತಿಗಾಗಿ ಅವಳು ಕಾದಿದ್ದಳು. ಹಾಲು ಉಕ್ಕಿದರೆ ಒಲೆಯ ತಪ್ಪು, ಕನ್ನಡಕ ಕಳೆದರೆ ಸೊಸೆಯ ತಪ್ಪು, ಬಸ್ಸು ಹೋಗಿಬಿಟ್ಟರೆ ಡ್ರೈವರನ ತಪ್ಪು. ಅಂಥ ಅತ್ತೆ ಇವತ್ತು, ಮುರಿದ ತೊಡೆಗೆ ಪಟ್ಟಿ ಕಟ್ಟಿಸಿಕೊಂಡು, ಗುರುತು ಪರಿಚಯವಿಲ್ಲದ ಗಂಡಸಿನೆದುರು, ಬೀಗರನ್ನು ಮಾತಾಡಿಸುವ ಮೆತ್ತನೆ ದನಿಯಲ್ಲಿ ತಪ್ಪೊಪ್ಪಿಕೊಳ್ಳುತ್ತಿದ್ದರು.

ಹಡಗಿನ ಅಧಿಕಾರಿ ಕುರ್ಚಿಯ ತುದಿಯಲ್ಲಿ ಕೂತಿದ್ದ. ಇಸ್ತ್ರಿ ಮುರಿಯದ ಬಿಳಿ ಸಮವಸ್ತ್ರ, ಭುಜದ ಮೇಲೆ ಚಿನ್ನದ ಬಣ್ಣದ ಪಟ್ಟೆ. ಬರುವಾಗ ಮಿರುಗುವ ಕಾಗದ ಸುತ್ತಿದ ಹಣ್ಣಿನ ಬುಟ್ಟಿ ತಂದಿದ್ದ. "ಮರೆತುಹೋಗಬಾರದಲ್ಲ, ಅದಕ್ಕೆ" ಎನ್ನುತ್ತಾ ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ಬುಟ್ಟಿಯ ಪಕ್ಕದಲ್ಲಿಟ್ಟಿದ್ದ. ಈಗ ಅತ್ತೆಯ ಮಾತಿಗೆ ಮನೆಯವನೇ ಆದಂತೆ ಮರುಗಿ ತಲೆದೂಗುತ್ತಾ, ಮೊಬೈಲನ್ನು ಒಂದಿಷ್ಟು ಅವರ ಬಾಯಿಯ ಹತ್ತಿರಕ್ಕೆ ಸರಿಸಿದ. ಆ ಸರಿಸಿದ್ದು ಸೊಸೆಯ ಕಣ್ಣಿಗೆ ಬಿತ್ತು.

"ಒಂದ್ನಿಮಿಷ," ಎಂದಳು. "ನಾಳೆ ಬಂದರು ಮುಟ್ಟಿದ ಮೇಲೆ ನಮ್ಮನ್ನ ಏನು ಮಾಡ್ತೀರಿ?"

"ಇಳಿಸ್ತೀವಿ ಮೇಡಂ. ಡಾಕ್ಟರು ಹೇಳಿದ್ದಾರಲ್ಲ, ಈ ಆಪರೇಷನ್ ಹಡಗಲ್ಲಿ ಆಗಲ್ಲ ಅಂತ. ಗಾಲಿ ಕುರ್ಚಿ ಕೊಡ್ತೀವಿ."

"ಇಳಿಸಿದ ಮೇಲೆ?"

"ಅದು ಹೇಗೆ ಬಿದ್ರು ಅನ್ನೋದರ ಮೇಲೆ ಹೋಗುತ್ತೆ. ಹಡಗಿನವರಿಂದ ಆದದ್ದಾದ್ರೆ ಆಸ್ಪತ್ರೆಯಿಂದ ಹಿಡಿದು ಮನೆ ಮುಟ್ಟಿಸೋವರೆಗೂ ಎಲ್ಲ ಕಂಪನಿದೇ. ಅವರಾಗೇ ಎಡವಿದ್ದಾದ್ರೆ..." ಅವನು ಅಂಗೈ ಬಿಡಿಸಿ ತೋರಿಸಿದ. ಅದರಲ್ಲಿ ಏನೂ ಇರಲಿಲ್ಲ.

ಸೊಸೆಗೆ ನಾಳೆಯ ಬೆಳಗು ಕಣ್ಣಿಗೆ ಕಟ್ಟಿತು. ಭಾಷೆ ಬಾರದ ಊರಿನ ಹಡಗುಕಟ್ಟೆ, ಗಾಲಿ ಕುರ್ಚಿಯಲ್ಲಿ ನರಳುವ ಅತ್ತೆ, ಪಕ್ಕದಲ್ಲಿ ಸೂಟ್‌ಕೇಸುಗಳು, ಹಾರ್ನ್ ಹಾಕಿ ಹೊರಟುಹೋಗುವ ಹಡಗು. ರಜೆ ಸಿಗದೆ ಮನೆಯಲ್ಲೇ ಉಳಿದ ಗಂಡ ಫೋನಿನಲ್ಲಿ ಅಯ್ಯೋ ಅನ್ನಬಹುದು, ಅಷ್ಟೇ.

"ಊಟದ ಕೋಣೆಯ ಬಾಗಿಲಲ್ಲೇ ಸಾಬೂನು ನೀರಿತ್ತು," ಎಂದಳು. "ನಾನು ಇವರ ಹಿಂದೇನೇ ಇದ್ದೆ."

"ಎಚ್ಚರಿಕೆ ಬೋರ್ಡೂ ಇತ್ತಲ್ಲ ಮೇಡಂ." ಅವನು ಮೊಬೈಲಿನಲ್ಲಿ ಒಂದು ಫೋಟೋ ತೆರೆದು ತೋರಿಸಿದ. ಒದ್ದೆ ನೆಲದ ಮೇಲೆ ಹಳದಿ ಬೋರ್ಡು ಠೀವಿಯಿಂದ ನಿಂತಿತ್ತು. ಅದರ ಬುಡದಲ್ಲಿ ಅತ್ತೆಯ ಒಂಟಿ ಚಪ್ಪಲಿ.

"ಚಪ್ಪಲಿ ಅಲ್ಲೇ ಇದೆ ಅಂದ್ರೆ ಈ ಫೋಟೋ ಇವರು ಬಿದ್ದ ಮೇಲೆ ತೆಗೆದದ್ದು. ಬೋರ್ಡೂ ಬಿದ್ದ ಮೇಲೇ ಬಂದದ್ದು. ನಾನು ಡಾಕ್ಟರನ್ನ ಕರ್ಕೊಂಡು ಬಂದಾಗಲೂ ಇರಲಿಲ್ಲ. ನಿಮ್ಮ ಹಾಗೇ ಪಟ್ಟೆ ಹಾಕಿದವರೊಬ್ರು ಗದರಿಸಿದ್ರು, ನೆಲ ಒರೆಸ್ತಿದ್ದಾಕೆ ಓಡಿ ಹೋಗಿ ತಂದಿಟ್ಲು."

ಅಧಿಕಾರಿ ದನಿ ಇಳಿಸಿದ. "ಹಾಗಾದ್ರೆ ಆಕೆಯನ್ನೇ ಕರೆಸಬೇಕಾಗುತ್ತೆ. ಇಂಥದ್ದಕ್ಕೆ ಕೆಲಸದಿಂದ ತೆಗೆದುಹಾಕ್ತಾರೆ. ಮಕ್ಕಳೊಂದಿಗಳು ಪಾಪ." ಹೇಳಿದ್ದು ಸೊಸೆಗೆ, ನೋಡಿದ್ದು ಅತ್ತೆಯ ಮುಖವನ್ನು.

"ಕೇಳಿಸ್ತೇನೇ?" ಅತ್ತೆ ಸೊಸೆಯ ಮೇಲೆ ರೇಗಿದರು. "ನೀನು ಸ್ನಾನಕ್ಕೆ ಹೋದಾಗಲೂ ಈತ ಇದನ್ನೇ ಹೇಳಿದ. ನೀನು ಡಾಕ್ಟರ್ ಡಾಕ್ಟರ್ ಅಂತ ಬಾಯಿ ಬಡ್ಕೊಂಡು ಓಡಿದ್ಯಲ್ಲ, ಅಷ್ಟೊತ್ತೂ ನನ್ನ ತಲೆ ಮಡಿಲಲ್ಲಿಟ್ಕೊಂಡು ಅತ್ತವಳು ಅವಳು. ನನ್ನ ಮೂಳೆ ಹೇಗೂ ಮುರೀತು. ಅವಳ ಅನ್ನಕ್ಕೂ ಕಲ್ಲು ಹಾಕ್ಲಾ?"

ಸೊಸೆಗೆ ಈಗ ತಿಳಿಯಿತು. ಅತ್ತೆ ಹೆದರಿ ಬಾಗಿದ್ದಲ್ಲ, ಬೇಕೆಂದೇ ಬಾಗಿದ್ದು. ಒಂದು ಗಳಿಗೆ ಅವಳಿಗೆ ಹೊಟ್ಟೆಕಿಚ್ಚೂ ಆಯಿತು. ತನಗಾಗಿ ಅತ್ತೆ ಯಾವತ್ತೂ ಹೀಗೆ ಮೈಮೇಲೆ ತಪ್ಪು ಎಳೆದುಕೊಂಡವರಲ್ಲ. ಆದರೆ ನಾಳೆ ಹಡಗುಕಟ್ಟೆಯಲ್ಲಿ ಆ ನೋವು ತಿನ್ನಬೇಕಾದವರು ಇದೇ ಅತ್ತೆ. ಅವಳು ಲೋಟ ಕೆಳಗಿಟ್ಟು, ಮೊಬೈಲನ್ನು ತನ್ನ ಕಡೆಗೆ ಎಳೆದುಕೊಂಡಳು.

"ಜನ ಊಟಕ್ಕೆ ನುಗ್ಗೋ ಹೊತ್ತಲ್ಲೇ ನೆಲ ತೊಳಿ ಅಂದವರು ಯಾರು? ಅಷ್ಟಗಲ ಕೋಣೆಗೆ ಒಬ್ಬಳನ್ನೇ ಬಿಟ್ಟವರು ಯಾರು? ಒಂದು ಕೈಲಿ ಬಕೆಟ್ಟು, ಒಂದು ಕೈಲಿ ಒರೆಸೋ ಕೋಲು. ಬೋರ್ಡನ್ನೇನು ಹಲ್ಲಲ್ಲಿ ಕಚ್ಕೊಂಡು ಬರಬೇಕಿತ್ತಾ ಆಕೆ? ಒರೆಸಿದವಳದು ತಪ್ಪು, ಇಲ್ಲಾಂದ್ರೆ ಜಾರಿದವಳದು ತಪ್ಪು! ಇಷ್ಟು ದೊಡ್ಡ ಹಡಗಲ್ಲಿ ತಪ್ಪು ಹೊರಿಸೋಕೆ ನಿಮಗೆ ಸಿಕ್ಕಿದ್ದು ಇಬ್ಬರು ಹೆಂಗಸರೇನಾ?"

ಗೋಡೆಯಾಚೆ ಎಂಜಿನ್ ಗುಂಯ್‌ಗುಡುತ್ತಿತ್ತು. ಅಧಿಕಾರಿ ಮೊಬೈಲನ್ನು ಮತ್ತೆ ಅತ್ತೆಯ ಹತ್ತಿರಕ್ಕೆ ಸರಿಸಿ, ಅವರ ಕಡೆಗೆ ಬಾಗಿದ.

"ನೀವೇ ಹೇಳಿ ಅಮ್ಮ. ಆಗ ನಿಮ್ಮದೇ ತಪ್ಪು ಅಂದ್ರಿ. ಇವರು ಅಲ್ಲ ಅಂತಾರೆ. ನಾನು ಯಾರ ಮಾತು ಹಿಡೀಲಿ?"

ಅತ್ತೆ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ, ಹೊಸದಾಗಿ ಮನೆ ತುಂಬಿಸಿಕೊಳ್ಳುವವರಂತೆ ನೋಡಿದರು. ನೋವಿಗೆ ಹಲ್ಲು ಕಚ್ಚಿ, ದಿಂಬಿನ ಮೇಲೆ ಮೊಣಕೈ ಊರಿ ತುಸು ಎದ್ದರು.

"ಇವಳ ಮಾತೇ ಹಿಡಿಯಪ್ಪ," ಎಂದರು. "ನನ್ನ ತಪ್ಪುಗಳನ್ನ ಇವಳಷ್ಟು ಚೆನ್ನಾಗಿ ಬಲ್ಲವರು ಈ ಭೂಮಿ ಮೇಲೆ ಇನ್ನೊಬ್ಬರಿಲ್ಲ. ಇವಳೇ ಇಲ್ಲ ಅಂತಾಳೆ ಅಂದ್ರೆ, ಇಲ್ಲ."