ಓಬಳೆಪ್ಪನ ಹಿಡಿತ

ಬಂಡೆಯನ್ನು ಅರ್ಧ ಹತ್ತಿ ಹುಡುಗಿಯೊಬ್ಬಳು ಸಿಕ್ಕಿಹಾಕಿಕೊಂಡಿದ್ದಾಳೆ ಎಂದು ಊರಿನ ವಿರುಪಣ್ಣ ಓಡಿಬಂದು ಹೇಳಿದಾಗ, ಓಬಳೆಪ್ಪ ವಿರೂಪಾಪುರಗಡ್ಡೆಯ ಗದ್ದೆಯಲ್ಲಿ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಭತ್ತದ ಸಸಿ ಕೀಳುತ್ತಿದ್ದ. ಬೆಳಗಿನಿಂದ ಬಗ್ಗಿದ ನಡು ನೆಟ್ಟಗಾಗಲು ಒಂದು ಗಳಿಗೆ ಹಿಡಿಯಿತು.

"ನಾ ಹತ್ತೂದು ಬಿಟ್ಟು ಐದು ವರ್ಸ ಆತಲ್ಲೋ."

"ಗೊತ್ತೈತೆಪಾ. ಆದ್ರ ಆ ಜೇನುಬಂಡಿ ಹತ್ತಿದಾವ ನಿನ್ನ ಬಿಟ್ರ ಈ ಊರಾಗ ಯಾರ ಅದಾರ?"

ಇಪ್ಪತ್ತೈದು ವರ್ಷ ಜೇನಿಗಾಗಿ ಅದೇ ಬಂಡೆ ಹತ್ತಿ, ಬೆರಳ ಗೆಣ್ಣುಗಳು ಊದಿದ ಮೇಲೆ ಕೂಲಿಗೆ ಬಿದ್ದವನು ಓಬಳೆಪ್ಪ. ಕೆಸರುಗೈಯನ್ನು ಧೋತರಕ್ಕೆ ಒರೆಸಿಕೊಂಡು ಹೊರಟ.

ಅದು ಎಂಬತ್ತಾರನೇ ಇಸವಿಯ ಜನವರಿ. ಪೇಟೆಯ ಕಾಲೇಜು ಹುಡುಗ ಹುಡುಗಿಯರು ಬಂಡೆ ಹತ್ತುವುದನ್ನು ಕಲಿಯಲು ಬಂದು ಡೇರೆ ಹಾಕಿದ್ದರು. ಹುಡುಗಿಗಾಗಿ ಮೇಲಿನಿಂದ ಬಿಟ್ಟ ಹಗ್ಗ ಬಿರುಕಿಗೆ ಸಿಕ್ಕಿ ಸಡಿಲಾಗಿತ್ತು; ಬಿದ್ದರೆ ಅವಳನ್ನು ತಡೆಯುವಂತಿರಲಿಲ್ಲ. ಬಿಡಿಸಲು ಹೋದ ತರಬೇತಿ ಸರ್ ದೇವೇಂದ್ರಪ್ಪ ಕಾಲು ಉಳುಕಿಸಿಕೊಂಡು ನೆಲಕ್ಕೆ ಕೂತಿದ್ದರು. "ನಮ್ಮ ಪೈಕಿ ಆಕೀನ ಭಾಳ ಗಟ್ಟಿ. ಸಲಾಕಿ ಹಿಡಿದು ಇಪ್ಪತ್ತು ಸಲ ಮೈ ಮ್ಯಾಲೆತ್ತತಾಳ. ಹೆಂಗ ಸಿಕ್ಕೊಂಡ್ಳೋ ತಿಳೀವಲ್ದು," ಎಂದರು.

ಓಬಳೆಪ್ಪ ಕತ್ತೆತ್ತಿ ನೋಡಿದ. ತೆಂಗಿನಮರದಷ್ಟು ಎತ್ತರದಲ್ಲಿ ಹುಡುಗಿ ಮೊಣಕೈ ಮಡಚಿ ಕಲ್ಲನ್ನು ತಬ್ಬಿಕೊಂಡಿದ್ದಳು. ತೊಡೆಗಳು ನಡುಗುತ್ತಿದ್ದವು. "ಮೈಭಾರ ಎಲ್ಲಾ ಕೈಗೇ ಕೊಟ್ಟಾಳ್ರಿ," ಎಂದಷ್ಟೇ ಹೇಳಿ ಬರಿಗಾಲಲ್ಲಿ ಹತ್ತತೊಡಗಿದ.

ಒಂದೊಂದು ಹೆಜ್ಜೆಗೂ ಹೆಬ್ಬೆರಳಿನಿಂದ ಕಲ್ಲನ್ನು ತಡವಿ, ಭಾರವನ್ನು ಮೆಲ್ಲಗೆ ಅದರ ಮೇಲಿಟ್ಟು ಏಳುತ್ತಿದ್ದ. ಕೈಗಳು ಕಲ್ಲಿನ ಮೇಲೆ ಸುಮ್ಮನೆ ಅಂಗೈ ಊರಿಕೊಂಡಿದ್ದವು. ಎರಡು ಹೆಜ್ಜೆಗೊಮ್ಮೆ ಕೆನ್ನೆಯನ್ನು ಬಂಡೆಗೆ ಒತ್ತಿ ಉಸಿರು ತೆಗೆದುಕೊಳ್ಳುತ್ತಿದ್ದ. "ಈ ಅಜ್ಜ ಮುಟ್ಟೋಷ್ಟರಲ್ಲಿ ಅವಳು ಬಿದ್ದಿರ್ತಾಳೆ," ಎಂದು ಕೆಳಗೆ ಯಾರೋ ಗೊಣಗಿದ್ದು ಅವನಿಗೂ ಕೇಳಿಸಿತು. ನಾಲ್ಕನೆಯ ಸಲ ನಿಂತಾಗ ಅವನ ಮೀನಖಂಡವೂ ಅದುರಿತು. ಇಳಿದುಬಿಡೋಣ ಅನ್ನಿಸಿತು. ಆದರೆ ಇಳಿಯುವುದಕ್ಕೂ ಅಷ್ಟೇ ತ್ರಾಣ ಬೇಕಿತ್ತು. ಹತ್ತಿದ.

ಹುಡುಗಿಯ ಪಕ್ಕಕ್ಕೆ ಬಂದಾಗ ಅವಳ ಕಣ್ಣುಗಳು ಮುಚ್ಚಿದ್ದವು. "ಕೈ ಹೋಗಿಬಿಟ್ಟಿದೆ, ಇನ್ನು ಹಿಡಿಯೋಕಾಗಲ್ಲ," ಎಂದಳು.

"ಹಿಡೀಬ್ಯಾಡ ಯವ್ವಾ. ನಿನ್ನ ಬಲಗಾಲ ಪಕ್ಕ ಬೆರಳಷ್ಟು ಅಂಚು ಐತಿ. ಅದರ ಮ್ಯಾಲೆ ಕಾಲಿಡು. ಹಾಂ, ನಿಂದ್ರು. ಈಗ ಒಂದು ಕೈ ಕೆಳಗ ಬಿಡು."

"ಬಿದ್ದುಬಿಡ್ತೀನಿ."

"ನೀ ನಿಂತಿ. ನಿಂತಾವರು ಬೀಳಂಗಿಲ್ಲ. ಬಿಡು, ಜಾಡಿಸು. ಇನ್ನೊಂದು ಕೈ. ನನಗೂ ಉಸುರು ಬರ್ಲಿ, ಆಮ್ಯಾಲ ಹೋಗೂಣು."

ಹುಡುಗಿ ಒಂದೊಂದೇ ಕೈ ಬಿಟ್ಟು ಜಾಡಿಸಿದಳು. ಹೊಳೆಯ ಕಡೆಯಿಂದ ಗಾಳಿ ಬಂತು. ಹುಡುಗಿಯ ತೊಡೆಯ ನಡುಕ ನಿಂತಿತು. ಓಬಳೆಪ್ಪ ತೋರಿಸಿದ ಅಂಚುಗಳ ಮೇಲೆ ಹೆಜ್ಜೆಯಿಡುತ್ತ ಅವಳು ಓರೆಯಾಗಿ ಬಂಡೆಯ ನೆತ್ತಿ ಮುಟ್ಟಿದಳು. ಹಿಂಬದಿಯ ಇಳಿಜಾರಿನಲ್ಲಿ ಇಬ್ಬರೂ ಕೂತು ಜಾರುತ್ತ ಇಳಿದರು. ಹುಡುಗಿ ಅವನ ತೋಳು ಹಿಡಿದುಕೊಂಡೇ ಅತ್ತಳು.

ದೇವೇಂದ್ರಪ್ಪ ಕೈಮುಗಿದರು. ಬಂಡೆ ಹತ್ತುವವರ ಮೈಕಟ್ಟಿನ ಅಳತೆ ಬರೆದಿಡುವುದು ಅವರ ಇನ್ನೊಂದು ಕೆಲಸ. ಟೇಪು ತರಿಸಿ ಓಬಳೆಪ್ಪನ ಎತ್ತರ, ತೋಳು, ಅಂಗೈ ಅಳೆದರು. ಎಲ್ಲ ಹುಡುಗರಿಗಿಂತ ಕಡಿಮೆ. ಕೊನೆಗೆ ಹಿಡಿತದ ಬಲ ತೋರಿಸುವ ಕಬ್ಬಿಣದ ಯಂತ್ರವನ್ನು ಅವನ ಕೈಗಿಟ್ಟು, "ಎಷ್ಟಾಗತೈತಿ ಅಷ್ಟು ಅದುಮ್ರಿ," ಎಂದರು.

ಓಬಳೆಪ್ಪ ಹಲ್ಲು ಕಚ್ಚಿ ಅದುಮಿದ. ಯಂತ್ರದ ಮುಳ್ಳು ಚೂರು ಅಲುಗಿ ನಿಂತಿತು. ದೇವೇಂದ್ರಪ್ಪ ಯಂತ್ರವನ್ನು ಕೊಡವಿ ನೋಡಿದರು; ಒಬ್ಬ ಹುಡುಗನಿಗೆ ಕೊಟ್ಟರು; ಮುಳ್ಳು ಸರಕ್ಕನೆ ಏರಿತು. ಮತ್ತೆ ಓಬಳೆಪ್ಪನಿಗೆ ಕೊಟ್ಟರು. ಮತ್ತೆ ಅಷ್ಟೇ.

"ಇದನ್ನ ಏನಂತ ಬರ್ಕೊಳ್ಳಲಿ?" ಎಂದು ಪೆನ್ನು ಹಿಡಿದು ಅವನ ಮುಖ ನೋಡಿದರು.

ಓಬಳೆಪ್ಪ ಅಲ್ಲೇ ಕಲ್ಲಿಗೆ ಒರಗಿ ಕೂತು ಕಾಲು ಚಾಚಿದ.

"ದಣದಿದ್ದ ಅಂತ ಬರ್ಕೊಳ್ರಿ, ಸರ."