ಎರಡರಿಂದ ಮೂರಕ್ಕೆ

ಕಣ್ಣು ಮಂಜಾಯಿತೆಂದು ಹೋದ ವಾರ ನನಗೆ ಬರುತ್ತಿದ್ದ ಡ್ರೈವಿಂಗ್ ವಿದ್ಯೆಯನ್ನೇ ಮಗಳು ಶಾಂಭವಿಯ ಹೆಸರಿಗೆ ಮಾಡಿಸಿದೆ. ಹೊಲ, ಮನೆಯ ಹಾಗೆ ಈಗ ವಿದ್ಯೆಗೂ ಖಾತೆ ಬದಲಾವಣೆ ಉಂಟು; ಕೊಟ್ಟ ವಿದ್ಯೆ ಕೊಟ್ಟವರಲ್ಲಿ ಉಳಿಯುವುದಿಲ್ಲ. ಕಲಿತ ದಿನಗಳ ನೆನಪೂ ಜೊತೆಗೇ ಹೋಗುತ್ತದೆಂದು ಅರ್ಜಿಯ ಹಿಂಬದಿಯಲ್ಲಿ ಬರೆದಿತ್ತಂತೆ. ಹಿಂಬದಿ ಯಾರು ಓದುತ್ತಾರೆ?

ಇಂದು ಹುಬ್ಬಳ್ಳಿ ಬೈಪಾಸಿನಲ್ಲಿ ನನ್ನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರನ್ನು ಅವಳು ಓಡಿಸಿದಳು. ಗೇರು ಬದಲಾದದ್ದೇ ತಿಳಿಯಲಿಲ್ಲ. ನನ್ನ ಕೈಯಲ್ಲಿದ್ದ ಚಹಾ ಒಂದಿಷ್ಟೂ ತುಳುಕಲಿಲ್ಲ.

"ಅಪ್ಪಾ, ಮೂರನೇ ಗೇರಿಗೆ ಹೋಗೂಮುಂದ ನನ್ನ ಕೈ ಮ್ಯಾಲೆ ಒಂದು ಕೈ ಬರತೈತಿ. ಹಸಿರು ಬಳಿ ಹಾಕ್ಯಾರ. 'ದಬ್ಬಬ್ಯಾಡ್ರೀ, ಕ್ಲಚ್ ಒತ್ತಿ ಸುಮ್ನ ಹಿಡೀರಿ, ತಾನ ಬೀಳತೈತಿ' ಅಂದು ನಗತಾರ. ಯಾರ ಅವರು?"

ನನಗೆ ಕಾರು ಕಲಿಸಿದವಳು ನನ್ನ ಹೆಂಡತಿ ಎಂದು ಓಣಿಯವರೆಲ್ಲ ಹೇಳುತ್ತಾರೆ. ಶಾಂಭವಿಯನ್ನು ಹೆತ್ತ ದಿನವೇ ತೀರಿಹೋದವಳು. ಆ ನಗುವನ್ನು ನನ್ನೊಳಗೆ ಎಷ್ಟು ಹುಡುಕಿದರೂ ಸಿಗಲಿಲ್ಲ.

"ನಿಮ್ಮವ್ವ," ಎಂದೆ.

ಅವಳ ಕಾಲು ಆಕ್ಸಿಲರೇಟರಿನಿಂದ ತಾನಾಗಿ ಮೇಲೆದ್ದಿತು.

"ಎರಡಕ್ಕ ಇಳಸವ್ವಾ. ಮತ್ತ ಮೂರಕ್ಕ ಹಾಕು," ಎಂದೆ. "ಆಕಿ ಹ್ಯಾಂಗ ನಗತಾಳ, ನನಗೊಂಚೂರು ನಕ್ಕು ತೋರಸು."